ಒಡಪಿನ ಕೆಳಗೆ ಯಾರ ಹೆಸರು?

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಮಲಕಾಜಪ್ಪನವರೇ, ಬೆಂಗಳೂರಿನಿಂದ ದಯಮಾಡಿಸಿರುವ ಗ್ರಂಥಾಲಯ ಇಲಾಖೆಯ ಅಧಿಕಾರಿಗಳೇ, ಇಂದು ಸನ್ಮಾನ ಸ್ವೀಕರಿಸಲು ಬಂದು, ಹಾರ ಬೀಳುವ ಮೊದಲೇ ನಾಚಿ ಕುಳಿತಿರುವ ರಾಚವ್ವನವರೇ, ಮಹಿಳಾ ಮಂಡಳದ ಪದಾಧಿಕಾರಿಗಳೇ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಬಂದಿರುವ ತಾಯಂದಿರೇ, ಅವರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ಅವರ ಯಜಮಾನರೇ, ಮತ್ತು ನನ್ನ ನೆಚ್ಚಿನ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಅಂತರ್ಜಾಲದಲ್ಲಿ ಬರವಣಿಗೆ ಮತ್ತು ಹಕ್ಕುಸ್ವಾಮ್ಯ’. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಈ ವಿಷಯದ ತಜ್ಞರು’ ಎಂದು ಅಚ್ಚು ಹಾಕಿಸಿದ್ದಾರೆ. ನಾನು ಹೊಲದ ಬದುವಿನ ತಂಟೆ, ಬಾಡಿಗೆ ಮನೆಯ ತಂಟೆ, ಅಣ್ಣತಮ್ಮಂದಿರ ಪಾಲಿನ ತಂಟೆ, ಇಂಥವುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ವಕೀಲ. ಹಕ್ಕುಸ್ವಾಮ್ಯದಲ್ಲಿ ನಾನು ಹಿಡಿದದ್ದು ಒಂದೇ ಪ್ರಕರಣ. ಅದೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಆದರೆ ಒಂದು ಪ್ರಕರಣ ಹಿಡಿದವನು ನಮ್ಮ ಊರಿನಲ್ಲಿ ತಜ್ಞನೇ, ಏಕೆಂದರೆ ನಮ್ಮ ಬಾರಿನ, ಅಂದರೆ ವಕೀಲರ ಸಂಘದ, ಉಳಿದ ಮಿತ್ರರು ಅದನ್ನೂ ಹಿಡಿದಿಲ್ಲ. ಹಾಗಾಗಿ ಕಾಯ್ದೆಯ ಕಲಮುಗಳನ್ನು ಓದಿ ನಿಮಗೆ ನಿದ್ದೆ ತರಿಸುವುದಿಲ್ಲ. ಆ ಒಂದು ಪ್ರಕರಣವನ್ನೇ ಹೇಳುತ್ತೇನೆ. ಅದರ ನಾಯಕಿ ನನ್ನ ಬಲಕ್ಕೆ ಕುಳಿತಿದ್ದಾರೆ.

ಬೆಂಗಳೂರಿನ ಅತಿಥಿಗಳಿಗಾಗಿ ಮೊದಲು ಒಂದು ಮಾತು. ನಮ್ಮ ಕಡೆ ಹಳೆಯ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ‘ರೀ’, ಹೊರಗೆ ‘ನಮ್ಮನಿಯವ್ರು’. ಆದರೆ ಮದುವೆಯಲ್ಲಿ, ಬಸುರಿಗೆ ಕುಬಸ ಮಾಡುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹೊಸ್ತಿಲಲ್ಲಿ ಅಡ್ಡಗಟ್ಟಿ, ‘ಹೆಸರು ಹೇಳಿ ಒಳಗ ಬಾ’ ಎನ್ನುತ್ತಾರೆ. ಆಗ ಪ್ರಾಸ ಕೂಡಿಸಿದ ಎರಡು ಸಾಲು ಹೇಳಬೇಕು. ಆ ಸಾಲಿನೊಳಗೆ ಗಂಡನ ಹೆಸರು ಇರಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಒಡಪು ಬಾರದ ಮದುಮಗಳು ಬಾಗಿಲಲ್ಲೇ ನಿಂತು ಬೆವರುತ್ತಾಳೆ. ಬಂದವಳು ಆರತಿ ತಟ್ಟೆಯ ದೀಪ ಆರುವುದರೊಳಗೆ ಮನೆ ಗೆದ್ದುಬಿಡುತ್ತಾಳೆ.

ರಾಚವ್ವನವರು ಸಂಪಗಾಂವದ ಮಗಳು, ಬೈಲಹೊಂಗಲದ ಸೊಸೆ. ಮದುವೆಯಾಗಿ ಬಂದು ಹೆಚ್ಚು ದಿನ ಕಳೆಯುವ ಮೊದಲೇ ಗಂಡನನ್ನು ಕಳೆದುಕೊಂಡರು. ಒಂದು ಹೊಲಿಗೆ ಯಂತ್ರ ಹಾಕಿಕೊಂಡು ಬದುಕು ಕಟ್ಟಿದರು. ಕುಬಸ, ಅಂದರೆ ರವಿಕೆ, ಹೊಲಿಯುವುದರಲ್ಲಿ ಅವರ ಕೈ ಎಂಥದೆಂದು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕೇ? ಮದುವೆಯ ಕುಬಸ ಎಂದರೆ ರಾಚವ್ವನದೇ ಆಗಬೇಕು ಎಂದು ನೇಸರಗಿಯಿಂದ, ದೊಡವಾಡದಿಂದ ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಅಳತೆ ಕೊಡಲು ಬಂದ ಮದುಮಗಳು ಯಾವಾಗಲೂ ಅದೇ ಚಿಂತೆಯಲ್ಲಿರುತ್ತಿದ್ದಳು: ‘ಹೆಸರು ಹೆಂಗ ಹೇಳಲಿ ಅಕ್ಕಾ?’

ಆಗ ರಾಚವ್ವನವರು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಆಂವ ಹೆಂಗದಾನ? ಖರೇ ಹೇಳು.’

ಹುಡುಗಿ ಏನಾದರೊಂದು ಹೇಳುತ್ತಿದ್ದಳು. ಕುಬಸ ತಯಾರಾಗುವ ಹೊತ್ತಿಗೆ ಒಡಪೂ ತಯಾರು. ಎರಡೂ ಅವಳ ಅಳತೆಗೆ ಹೊಲಿದದ್ದು. ನೇಸರಗಿಯ ಶೆಟ್ಟೆವ್ವನವರು ಇಲ್ಲೇ ಇದ್ದಾರೆ. ಮದುವೆ ಗೊತ್ತಾದ ಮೇಲೆ ಒಮ್ಮೆ ಅವರ ಭಾವೀ ಪತಿ ಹೊಲಕ್ಕೆ ಹೋಗುವ ನೆಪದಲ್ಲಿ ಇವರ ಮನೆ ಮುಂದೆ ಹಾದುಹೋಗಿ, ತಿರುಗಿ ನೋಡುತ್ತಾ ನೋಡುತ್ತಾ ಎತ್ತಿಗೆ ಡಿಕ್ಕಿ ಹೊಡೆದಿದ್ದರಂತೆ. ಅದನ್ನು ಕೇಳಿ ರಾಚವ್ವನವರು ಕಟ್ಟಿಕೊಟ್ಟದ್ದು:

‘ಹಸರ ಸೀರಿಗೆ ಕೆಂಪು ದಡಿ ಒಪ್ಪ,
ಹೊಲಕ್ಕ ಹೊಂಟರ ಹೊಳ್ಳಿ ಹೊಳ್ಳಿ ನೋಡವರು ಶಂಕ್ರೆಪ್ಪ.’

ಎತ್ತಿನ ಸಂಗತಿ ಒಡಪಿನಲ್ಲಿ ಬರಲಿಲ್ಲ. ಅದು ರಾಚವ್ವನವರ ಸಭ್ಯತೆ.

ಇಷ್ಟೊಂದು ಮದುವೆಗಳಿಗೆ ಮಾತು ಕೊಟ್ಟ ಈ ತಾಯಿ ಆ ಮದುವೆಗಳಲ್ಲಿ ಎಲ್ಲಿರುತ್ತಿದ್ದರು? ಯಂತ್ರದ ಮುಂದೆ. ಗಂಡ ಇಲ್ಲದವರನ್ನು ಹೊಸ್ತಿಲ ಶಾಸ್ತ್ರಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಈಗಲೂ ಬಹಳ ಕಡೆ ಇಲ್ಲ. ಇದರ ಬಗ್ಗೆ ಭಾಷಣ ಮಾಡಲು ನನ್ನನ್ನು ಕರೆದಿಲ್ಲ. ಆದರೆ ಹೇಳದೆ ಮುಂದೆ ಹೋದರೆ ಪ್ರಕರಣ ಅರ್ಥವಾಗುವುದಿಲ್ಲ.

ಈಗ ಕಲ್ಮೇಶನ ವಿಷಯಕ್ಕೆ ಬರುತ್ತೇನೆ. ಕಲ್ಮೇಶ ರಾಚವ್ವನವರ ತಂಗಿಯ ಮಗ. ಮದುವೆಯಾಗಿ ಎರಡು ಮಕ್ಕಳ ತಂದೆ. ಬಸ್ ನಿಲ್ದಾಣದ ಹತ್ತಿರ ಇಂಟರ್ನೆಟ್ ಕೇಂದ್ರ ನಡೆಸುತ್ತಾನೆ. ಕರೆಂಟು ಇದ್ದಾಗ ಇಂಟರ್ನೆಟ್ ಇರುತ್ತಿರಲಿಲ್ಲ, ಇಂಟರ್ನೆಟ್ ಇದ್ದಾಗ ಕರೆಂಟು ಇರುತ್ತಿರಲಿಲ್ಲ. ಎರಡೂ ಕೂಡಿಬಂದ ಶುಭ ಗಳಿಗೆಗಳಲ್ಲಿ ಅವನು ಕನ್ನಡ ಟೈಪಿಂಗ್ ಕಲಿತ, ಒಂದು ಬ್ಲಾಗ್ ತೆರೆದ, ದೊಡ್ಡವ್ವನ ಒಡಪುಗಳನ್ನು ಒಂದೊಂದಾಗಿ ಅಲ್ಲಿ ಏರಿಸಿದ. ಮೇಲೆ ಕಮಲದ ಹೂವಿನ ಚಿತ್ರ ಹಾಕಿದ. ಅದರ ಕೆಳಗೆ ‘ಜಾನಪದ ಒಡಪುಗಳು, ಸಂಗ್ರಹ: ಕಲ್ಮೇಶ’ ಎಂದು ದಪ್ಪ ಅಕ್ಷರದಲ್ಲಿ ಬರೆದ.

ಪುಣೆಯಿಂದ, ಸೊಲ್ಲಾಪುರದಿಂದ, ಎಲ್ಲೋ ದುಬೈಯಿಂದ ನಮ್ಮ ಕಡೆಯ ಹೆಣ್ಣುಮಕ್ಕಳು ಓದಿ, ‘ನಮ್ಮವ್ವ ಇದನ್ನ ಹೇಳತಿದ್ಲು’ ಎಂದು ಬರೆದರು. ಕಲ್ಮೇಶನ ಎದೆ ಉಬ್ಬಿತು. ಉಬ್ಬಲಿ, ಅದರಲ್ಲಿ ತಪ್ಪೇನಿದೆ?

ಮರುವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಶೆಟ್ಟೆವ್ವನವರು ಮಗಳನ್ನು ನೋಡಲು ರಾಮದುರ್ಗಕ್ಕೆ ಹೋದರು. ಅಲ್ಲಿಯ ಬಸ್ ನಿಲ್ದಾಣದಲ್ಲಿ ಪಂಚಾಂಗ, ಅಡುಗೆ ಪುಸ್ತಕಗಳ ನಡುವೆ ಒಡಪಿನ ಪುಸ್ತಕವೊಂದು ತೂಗುತ್ತಿತ್ತು. ಮುಖಪುಟದ ಮೇಲೆ ಒಬ್ಬ ಪಂಡಿತರ ಹೆಸರು. ಮೊದಲ ಪುಟದಲ್ಲಿ, ‘ನಾಡಿನುದ್ದಗಲಕ್ಕೂ ಸಂಚರಿಸಿ ಸಂಪಾದಿಸಿದ್ದು. ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’. ಬಸ್ಸು ಬರುವವರೆಗೆ ನೋಡೋಣವೆಂದು ಶೆಟ್ಟೆವ್ವನವರು ಪುಟ ತಿರುವಿದರೆ, ಹಸಿರು ಸೀರೆ, ಕೆಂಪು ದಡಿ, ಹೊಳ್ಳಿ ಹೊಳ್ಳಿ ನೋಡುವ ಶಂಕ್ರೆಪ್ಪ!

ಪುಸ್ತಕ ನೇಸರಗಿಗೆ ಬಂತು. ಶಂಕ್ರೆಪ್ಪನವರು ಹಿಟ್ಟಿನ ಗಿರಣಿಯ ಮಾಲೀಕರು, ಗೌರವಸ್ಥರು. ಗಿರಣಿ ನಿಲ್ಲಿಸಿ, ಮೀಸೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ನನ್ನ ಆಫೀಸಿಗೆ ಬಂದರು.

‘ವಕೀಲಸಾಹೇಬ್ರ, ನನ್ನ ಹೆಸರು ಬಸ್‌ಸ್ಟ್ಯಾಂಡಿನಾಗ ತೂಗಹಾಕಿ ಮಾರಾಕ ಹತ್ಯಾರ. ನಾ ಯಾರನ್ನ ಹೊಳ್ಳಿ ಹೊಳ್ಳಿ ನೋಡೇನಿ ಅಂತ ಊರ ಮಂದಿ ಕೇಳಾಕ ಹತ್ತೇತಿ!’

‘ನಿಮ್ಮ ಮನಿಯವ್ರನ್ನ ನೋಡೀರಿ. ಅದರಾಗ ತಪ್ಪೇನೈತಿ?’

‘ನಾ ನೋಡಿದ್ದು ನಮ್ಮ ಮನಿ ಮಾತು ರೀ. ರಾಮದುರ್ಗದವ್ರಿಗೆ ಯಾಕ ಬೇಕು?’

ಅಂತರ್ಜಾಲದ ಖಾಸಗಿತನದ ಬಗ್ಗೆ ದೊಡ್ಡ ದೊಡ್ಡವರು ಪುಸ್ತಕ ಬರೆಯುತ್ತಾರಂತೆ. ಇದಕ್ಕಿಂತ ಸ್ಪಷ್ಟವಾಗಿ ಬರೆದದ್ದನ್ನು ನಾನು ಓದಿಲ್ಲ.

ಅದೇ ವಾರ ಕಲ್ಮೇಶ ಬ್ಲಾಗಿನ ಪುಟಗಳ ಅಚ್ಚುಪ್ರತಿ ಹಿಡಿದು ಬಂದ. ಮುಖ ಬಿಳಿಚಿಕೊಂಡಿತ್ತು. ಆ ಪುಸ್ತಕದ ಪ್ರಕಾಶಕರು ವಕೀಲರ ಮೂಲಕ ಅವನಿಗೆ ನೋಟಿಸು ಕಳಿಸಿದ್ದರು: ನಮ್ಮ ಪುಸ್ತಕದ ಒಡಪುಗಳನ್ನು ಕದ್ದು ನೀವು ಬ್ಲಾಗಿನಲ್ಲಿ ಹಾಕಿದ್ದೀರಿ, ಕೂಡಲೇ ತೆಗೆಯಿರಿ, ಇಲ್ಲವಾದರೆ ಕೋರ್ಟಿಗೆ ಎಳೆಯುತ್ತೇವೆ! ಬೆಣ್ಣೆ ತಿಂದ ಬೆಕ್ಕು ಗಡಿಗೆಯ ಮೇಲೆ ಫಿರ್ಯಾದು ಹೂಡಿದಂತೆ. ಆ ಪ್ರಕಾಶಕರು ಯಾವ ಊರಿನವರು, ಹೆಸರೇನು ಎಂದು ಯಾರೂ ಕೇಳಬೇಡಿ. ಹೇಳಬಾರದೆಂದು ರಾಜಿಪತ್ರದಲ್ಲಿ ಬರೆದುಕೊಟ್ಟಿದ್ದೇನೆ.

ನಾನು ಕಲ್ಮೇಶನಿಗೆ ಧೈರ್ಯ ಹೇಳಿದೆ. ಬ್ಲಾಗಿನಲ್ಲಿ ಪ್ರತಿ ಒಡಪಿನ ಕೆಳಗೂ ತಾರೀಖು ಬೀಳುತ್ತದೆ, ಪುಸ್ತಕಕ್ಕಿಂತ ಅದು ಮೊದಲಿನದು. ಆದರೆ ಕದ್ದವರು ಅವರು ಎಂದು ತೋರಿಸಿದರೆ ಸಾಕೇ? ಮಾಲು ಯಾರದು ಎನ್ನುವುದೂ ತೀರ್ಮಾನವಾಗಬೇಕಲ್ಲ? ಅದಕ್ಕೇ ಕೇಳಿದೆ:

‘ಇದು ನಿಂದೇನು?’

‘ಅಲ್ರೀ. ದೊಡ್ಡವ್ವಂದು.’

‘ಹಂಗಂದ್ರ ಆಕಿ ಹೆಸರು ಯಾಕ ಹಾಕಲಿಲ್ಲ?’

‘ಜಾನಪದ ಅಂದ್ರ ಹೆಸರು ಇರಂಗಿಲ್ಲ ಅಂತ ಕಾಲೇಜಿನ್ಯಾಗ ಹೇಳಿದ್ರರೀ.’

‘ಈ ಕಮಲದ ಹೂವು ಯಾರದು?’

‘ಅದು ನೆಟ್ಟಿನಾಗಿಂದು.’

‘ನೆಟ್ಟಿನಾಗ ಯಾರು ಬೆಳಸಿದ್ರು?’

ಕಲ್ಮೇಶ ಹೂವನ್ನೇ ನೋಡುತ್ತಾ ಕುಳಿತ. ಆ ಹೂವಿನ ಚಿತ್ರವನ್ನೂ ಯಾರೋ ಒಬ್ಬರು ಕೆರೆಯ ದಂಡೆಯಲ್ಲಿ ಕುಳಿತು ತೆಗೆದಿರಬೇಕು ಎಂಬುದು ಅವನಿಗೆ ಆಗ ಹೊಳೆಯಿತು. ಈ ಸಭೆಯಲ್ಲಿರುವ ತರುಣರಿಗೆ ನಾನು ಹೇಳಬೇಕಾದ ಕಾಯ್ದೆಯೆಲ್ಲ ಅಷ್ಟೇ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಕೃತಿಯ ಹಕ್ಕು ಕಟ್ಟಿದವರದು, ಅದಕ್ಕೆ ನೋಂದಣಿಯೂ ಬೇಕಿಲ್ಲ. ಓದಿಗೆ, ಅಭ್ಯಾಸಕ್ಕೆ, ವಿಮರ್ಶೆಗೆ ಕೆಲವು ಸಾಲು ತೆಗೆದುಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅದಕ್ಕೆ ನ್ಯಾಯಸಮ್ಮತ ಬಳಕೆ ಎನ್ನುತ್ತಾರೆ. ಇಡೀ ಪುಸ್ತಕವನ್ನೇ ಎತ್ತಿ ನಮ್ಮ ಹೆಸರು ಹಾಕಿಕೊಂಡರೆ ಅದಕ್ಕೆ ಏನೆನ್ನುತ್ತಾರೆಂದು ನಿಮಗೇ ಗೊತ್ತು. ಇನ್ನು, ಬರೆದಿಡದೆ ಬಾಯಲ್ಲೇ ಉಳಿದ ಪದ್ಯಕ್ಕೆ ಈ ಹಕ್ಕು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಅದರ ಮೇಲೆ ವಕೀಲರು ಸಾಯುವತನಕ ವಾದಿಸಬಹುದು. ಹಾಗೆ ಆಗಬಾರದೆಂದೇ ನಾನು ರಾಚವ್ವನವರ ಮನೆಗೆ ಹೋದೆ.

ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಪ್ರಕಾಶಕರ ಮೇಲೆ ಸಿಟ್ಟಾಗುತ್ತಾರೆಂದು ನಾನು ತಿಳಿದಿದ್ದೆ. ಅವರು ತಿರುಗಿದ್ದು ಕಲ್ಮೇಶನ ಕಡೆಗೆ.

‘ಆ ಊರಾವ ನನ್ನ ನೋಡಿಲ್ಲ, ನನ್ನ ಹೆಸರು ಗೊತ್ತಿಲ್ಲ. ನೀ ನನ್ನ ತೊಡಿ ಮ್ಯಾಲ ಆಡಿ ಬೆಳದಾಂವ. ನಿನಗೂ ಗೊತ್ತಿರಲಿಲ್ಲೇನೋ?’

ಕಲ್ಮೇಶ ತಲೆ ತಗ್ಗಿಸಿ ಕೈಯಲ್ಲಿದ್ದ ಆ ಪುಸ್ತಕದ ಪುಟ ತಿರುವತೊಡಗಿದ. ರಾಚವ್ವನವರೇ, ‘ಓದು ಅದನ್ನ, ಏನೇನು ಹಾಕ್ಯಾರ ಕೇಳೂಣು’ ಎಂದರು.

ಅವನು ಓದುತ್ತಾ ಹೋದ, ಅವರು ತೀರ್ಪು ಕೊಡುತ್ತಾ ಹೋದರು. ‘ಇದು ನಂದು.’ ‘ಇದು ನಮ್ಮ ಅತ್ತಿ ಹೇಳತಿದ್ದದ್ದು, ನನ್ನ ಹೆಸರು ಹಾಕಬ್ಯಾಡ್ರಿ.’ ‘ಇದು ಯಾವ ಕಾಲದ್ದೋ, ಮೊದಲಿಂದ ಐತಿ.’ ಒಂದಕ್ಕೆ ಮಾತ್ರ, ‘ಇದು ಯಾವ ಹುಚ್ಚಪ್ಪಂದೋ, ತಗದ ಒಗೀರಿ’ ಎಂದರು. ಒಂದೇ ಒಂದು ಪರರ ಒಡಪನ್ನೂ ತಮ್ಮದೆನ್ನಲಿಲ್ಲ. ನನ್ನ ಇಷ್ಟು ವರ್ಷಗಳ ವಕೀಲಿಯಲ್ಲಿ ತನಗೆ ಬರುತ್ತಿದ್ದ ಪಾಲನ್ನು ತಾನೇ ಕಡಿಮೆ ಮಾಡಿಕೊಂಡ ಕಕ್ಷಿದಾರರನ್ನು ನಾನು ಕಂಡದ್ದು ಅಂದೇ.

ಅವರಿಗೆ ನಿಜವಾದ ಸಿಟ್ಟು ಬಂದದ್ದು ಸವದತ್ತಿಯ ತಂಗೆವ್ವನವರ ಒಡಪಿಗೆ. ಮೂಲದಲ್ಲಿ ಅದು ಹೀಗಿತ್ತು:

‘ಸುಗ್ಗಿ ಕಾಲಕ್ಕ ಕಣದಾಗ ರಾಶಿ ಒಪ್ಪ,
ಮುಗ್ಗರಿಸಿದ್ರ ಕೈ ಹಿಡಿಯವರು ರಾಯಪ್ಪ.’

ಪುಸ್ತಕದಲ್ಲಿ ಒಂದಕ್ಷರ ತಪ್ಪಿತ್ತು. ‘ಮುಗ್ಗರಿಸಿದ್ರ ಕೈ ಕಡಿಯವರು ರಾಯಪ್ಪ’ ಎಂದು ಅಚ್ಚಾಗಿತ್ತು! ರಾಯಪ್ಪ ಮಾಸ್ತರರು ಈ ಸಭೆಯಲ್ಲೇ ಇದ್ದಾರೆ. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ.

‘ಅಯ್ಯ, ಆ ದೇವರಂಥಾ ಮನಿಷ್ಯಾನ್ನ ನಾಯಿ ಮಾಡಿಟ್ಟಾರಲ್ಲ!’ ಎಂದು ರಾಚವ್ವನವರು ಎದ್ದೇ ನಿಂತರು. ‘ವಕೀಲ್ರ, ನೋಟಿಸು ಕೊಡ್ರಿ. ಇದನ್ನ ನಾ ಬಿಡಂಗಿಲ್ಲ.’

ಹೆಸರು ಹೋದದ್ದಕ್ಕೆ ನೊಂದಿದ್ದರು. ಮಾತು ಕೆಟ್ಟದ್ದಕ್ಕೆ ಸಿಡಿದೆದ್ದರು. ಇವರನ್ನು ಕವಿ ಎನ್ನದೆ ಇನ್ನೇನನ್ನಬೇಕು?

ಕಲ್ಮೇಶ ಮುಂದಿನ ಪುಟ ಓದಿದ.

‘ಬಿಸಿ ಅನ್ನದ ಮ್ಯಾಲ ಕಮ್ಮಗಿನ ತುಪ್ಪ,
ಚಾ ಆರಿದರೂ ಮಾತು ಆರದವರು ಮಹಾಂತಪ್ಪ.’

ಸಭಿಕರೇ, ಮಹಾಂತಪ್ಪ ಎಂಬುದು ಯಾರ ಹೆಸರು ಎಂದು ಆಮಂತ್ರಣ ಪತ್ರಿಕೆಯಲ್ಲಿ ನೋಡಿಕೊಳ್ಳಿ.

ಈ ಒಡಪನ್ನು ನನ್ನ ಮದುವೆಯ ದಿನ ನನ್ನ ಧರ್ಮಪತ್ನಿ ನಾಗರತ್ನಾ ನಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. ಅವಳೇ ಕಟ್ಟಿದ್ದು ಎಂದು ನಾನು ನಂಬಿದ್ದೆ. ನನ್ನ ವಾಕ್ಚಾತುರ್ಯವನ್ನು ಮೊಟ್ಟಮೊದಲು ಗುರುತಿಸಿದವಳು ನನ್ನ ಹೆಂಡತಿ ಎಂದು ಬಾರಿನ ಮಿತ್ರರೆದುರು ಹೇಳಿಕೊಂಡಿದ್ದೆ. ಧಾರವಾಡದ ನನ್ನ ಹಿರಿಯ ವಕೀಲರೆದುರು ಹೇಳಿಕೊಂಡಿದ್ದೆ. ಒಮ್ಮೆ ಕೇಸು ಸೋತು ಮನೆಗೆ ಬಂದು, ಯಾರೊಡನೆಯೂ ಮಾತಾಡದೆ ಹಾಸಿಗೆಯ ಮೇಲೆ ಮಲಗಿ, ಈ ಎರಡು ಸಾಲನ್ನೇ ಮನಸ್ಸಿನಲ್ಲಿ ಹೇಳಿಕೊಂಡದ್ದೂ ಉಂಟು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿ ತಪ್ಪಿ ಬಂತು. ಮೂರನೆಯ ಸಾಲಿನಲ್ಲಿ ಒಬ್ಬರು ಈಗಾಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ.

ನಾನು ರಾಚವ್ವನವರ ಮುಖ ನೋಡಿದೆ. ಅವರು, ‘ಇದೂ ನಂದು’ ಎಂದರು. ಬಹಳ ಮೆಲ್ಲಗೆ ಎಂದರು. ಆದರೆ ನಗು ತಡೆದು ಭುಜಗಳು ಕುಣಿಯುತ್ತಿದ್ದವು.

ಮನೆಗೆ ಹೋದೆ. ನಾಗರತ್ನಾ ಕಾಳು ಆರಿಸುತ್ತಿದ್ದಳು.

‘ಆ ಒಡಪು ನೀ ಕಟ್ಟಿದ್ದಲ್ಲಂತ?’

‘ನಾ ಕಟ್ಟೇನಿ ಅಂತ ಯಾವಾಗ ಹೇಳಿದ್ದೆ? ನೀವು ಕೇಳಲಿಲ್ಲ, ನಾ ಹೇಳಲಿಲ್ಲ.’

‘ಅಷ್ಟು ಸಲ ಮಂದಿ ಮುಂದ ಹೇಳಿದ್ನಲ್ಲ, ಆವಾಗರ ಹೇಳಬೇಕಿಲ್ಲೋ?’

‘ಹೇಳಾಕ ನೀವು ಬಾಯಿ ಮುಚ್ಚಿದ್ದು ಯಾವಾಗ್ರೀ?’

ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಈ ವಯಸ್ಸಿನಲ್ಲಿ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುವುದು? ಅವಳು ಮೊರ ಬದಿಗಿಟ್ಟಳು.

‘ಕೇಳ್ರಿಲ್ಲಿ. ನನ್ನ ನೋಡಾಕ ಬಂದಾಗ ನಮ್ಮಪ್ಪನ ಕೂಡ ಮಾತಿಗೆ ಕುಂತ್ರಿ. ಚಾ ಆರಿತು. ನಮ್ಮವ್ವ ಹೊಳ್ಳಿ ಕಾಸಿದ್ಲು, ಅದೂ ಆರಿತು. ನಮ್ಮಪ್ಪ ಬ್ಯಾನಿ ಬಿದ್ದು ಹಾಸಿಗಿ ಹಿಡದ ಮ್ಯಾಲ ಅಷ್ಟು ನಕ್ಕಿದ್ದನ್ನ ನಾ ಕಂಡಿರಲಿಲ್ಲ. ರಾಚಕ್ಕ ಕೇಳಿದ್ಲು, ಆಂವ ಹೆಂಗದಾನ ಅಂತ. ಇದನ್ನ ಹೇಳಿದೆ. ಪ್ರಾಸ ಆಕಿದು. ನಿಮ್ಮನ್ನ ನೋಡಿದ್ದು ನಾನು.’

ಹಕ್ಕುಸ್ವಾಮ್ಯದ ಕಾಯ್ದೆಯಲ್ಲಿ ಇದಕ್ಕೆ ಯಾವ ಕಲಮು ಅನ್ವಯಿಸುತ್ತದೆ ಎಂದು ನಾನು ಹುಡುಕಲು ಹೋಗಲಿಲ್ಲ. ಚಹಾ ಮಾಡು ಎಂದೆ. ಬಿಸಿ ಇರುವಾಗಲೇ ಕುಡಿದೆ.

ಮರುದಿನ ಆಫೀಸಿಗೆ ಬಂದ ಮೊದಲ ಸಾಕ್ಷಿ ನನ್ನ ಹೆಂಡತಿ. ನಾನು ಕರೆದಿರಲಿಲ್ಲ. ಅವಳ ಹಿಂದೆ ಶೆಟ್ಟೆವ್ವ, ತಂಗೆವ್ವ, ಕಿತ್ತೂರಿನಿಂದ ಮರೆವ್ವ, ದೊಡವಾಡದ ಬಸ್ಸಿನಿಂದ ಇಳಿದ ಒಂದು ಗುಂಪು. ಆ ಒಡಪು ನನಗಾಗಿ ರಾಚವ್ವ ಕಟ್ಟಿಕೊಟ್ಟದ್ದು, ಅದರಲ್ಲಿರುವ ಹೆಸರು ನನ್ನ ಗಂಡನದು ಎಂದು ಪ್ರತಿಯೊಬ್ಬರೂ ಪ್ರಮಾಣ ಮಾಡಿ ಬರೆದುಕೊಡಬೇಕು. ಪಂಡಿತರು ನಾಡಿನುದ್ದಗಲಕ್ಕೂ ಸಂಚರಿಸಿದ್ದರಂತಲ್ಲ? ಅವರು ಕಂಡ ಗಂಡಂದಿರೆಲ್ಲ ನಮ್ಮ ನಾಲ್ಕು ತಾಲೂಕುಗಳಲ್ಲೇ ಇದ್ದರು. ಹೆಸರು ಬದಲಿಸಿದರೆ ಪ್ರಾಸ ಮುರಿಯುತ್ತಿತ್ತು. ಹಾಗಾಗಿ ಹೆಸರುಗಳನ್ನು ಹಾಗೇ ಉಳಿಸಿದ್ದರು. ಅಲ್ಲೇ ಸಿಕ್ಕಿಬಿದ್ದರು.

ಆದರೆ ನನ್ನ ಟೈಪಿಸ್ಟ್ ಮಧುವಿನ ಗತಿ ಕೇಳಬೇಡಿ. ಅವನು ಕಾಗದ ಸಿಕ್ಕಿಸಿ ಕೇಳುತ್ತಾನೆ: ‘ಗಂಡನ ಹೆಸರು?’

ಮರೆವ್ವನವರು ಸುಮ್ಮನೆ ನಗುತ್ತಾರೆ.

‘ಹೆಸರು ಹೇಳ್ರಿ ಅವ್ವಾರ, ಟೈಪ್ ಮಾಡಬೇಕು.’

‘ಹಂಗ ಹೆಂಗ ಹೇಳಲೋ ಯಪ್ಪಾ? ಬಾಗಲದಾಗ ನಿಂದರತೇನಿ, ನೀ ಅಡ್ಡಗಟ್ಟು.’

ಆ ದಿನ ನನ್ನ ಆಫೀಸಿನ ಹೊಸ್ತಿಲಲ್ಲಿ ಕೇಳಿಬಂದ ಒಡಪುಗಳಿಗೆ ಎದುರಿನ ಚಹಾದಂಗಡಿಯವರು, ಅಡತಿ ಅಂಗಡಿಯವರು ಎಲ್ಲ ಬಂದು ನಿಂತರು. ಬಾಗಿಲಲ್ಲಿ ಅಷ್ಟು ಜನರನ್ನು ಕಂಡು, ಈ ಮಹಾಂತಪ್ಪ ಯಾವುದೋ ದೊಡ್ಡ ಕೇಸು ಹಿಡಿದಿದ್ದಾನೆ ಎಂದು ಬಾರಿನಲ್ಲಿ ಸುದ್ದಿಯಾಯಿತು. ನಾನೂ ಅಲ್ಲಗಳೆಯಲಿಲ್ಲ.

ಉತ್ತರದ ನೋಟಿಸು ಹೋಯಿತು. ಪ್ರಮಾಣಪತ್ರಗಳ ನಕಲುಗಳೂ ಹೋದವು. ಪ್ರಕಾಶಕರು ತಮ್ಮ ವಕೀಲರನ್ನು ಬಿಟ್ಟು ತಾವೇ ಬಸ್ಸು ಹತ್ತಿ ಬಂದರು. ಬಹಳ ದೊಡ್ಡ ಖಳನಾಯಕನನ್ನು ನಿರೀಕ್ಷಿಸಿದ್ದೆ. ಬಂದವರು ಕೈಚೀಲ ಹಿಡಿದ, ಬಿಸಿಲಿಗೆ ಬಳಲಿದ, ನಮ್ಮ ನಿಮ್ಮಂಥ ಒಬ್ಬ ಮನುಷ್ಯ. ಆ ಪಂಡಿತರು ಎಲ್ಲೂ ಸಂಚರಿಸಿರಲಿಲ್ಲ, ಕಂಪ್ಯೂಟರಿನ ಮುಂದೆ ಕೂತಿದ್ದರು ಎಂಬುದು ಈ ಮನುಷ್ಯನಿಗೂ ಆಮೇಲೆ ಗೊತ್ತಾಗಿತ್ತು. ಆದರೂ ನನ್ನ ಆಫೀಸಿನಲ್ಲಿ ಸೇರಿದ್ದ ರಾಚವ್ವನವರ, ಸಾಕ್ಷಿ ಹೆಣ್ಣುಮಕ್ಕಳ ಎದುರು ವಾದ ಬಿಡಲಿಲ್ಲ.

‘ಅವ್ವಾರ, ಒಡಪು ಅಂದ್ರ ಜನಪದ. ಜನರು ಕಟ್ಟಿದ್ದು. ಅದು ಎಲ್ಲಾರ ಸೊತ್ತು.’

‘ಜನ ಅಂದ್ರ ಯಾರ್ರೀ?’ ಎಂದು ರಾಚವ್ವನವರು ಕೇಳಿದರು. ‘ನಾನೂ ಅವರೊಳಗ ಒಬ್ಬಾಕಿ ಹೌದಲ್ಲೋ? ಕಟ್ಟಿದಾಕಿ ಸತ್ತು ನೂರು ವರ್ಷ ಆಗಿ, ಹೆಸರು ಮರತಿದ್ರ ಜನ ಕಟ್ಟಿದ್ದು ಅನ್ರಿ. ನಾ ಇನ್ನೂ ಇಲ್ಲೇ ಕುಂತೇನಲ್ಲ!’

‘ಹಂಗಾದ್ರ ಇನ್ನು ಮ್ಯಾಲ ಮದುವ್ಯಾಗ ಹೇಳಾಕ ಹೆಣ್ಣುಮಕ್ಕಳು ನಿಮ್ಮ ಪರವಾನಿಗಿ ತಗೋಬೇಕೇನು?’

ಒಳ್ಳೆಯ ಪ್ರಶ್ನೆ. ನಾನು ಕಾಯ್ದೆಯ ಪುಸ್ತಕಕ್ಕೆ ಕೈ ಹಾಕಿದೆ. ನಾನು ಪುಟ ಹುಡುಕುವುದರೊಳಗೆ ರಾಚವ್ವನವರ ಉತ್ತರ ಮುಗಿದಿತ್ತು.

‘ನೆರಮನಿಗೆ ಹೆಪ್ಪು ಕೇಳಾಕ ಹೋದ್ರ ಯಾರೂ ಇಲ್ಲ ಅನ್ನಂಗಿಲ್ಲರಿ. ಒಂದು ಚಮಚ ಹೆಪ್ಪು ಒಯ್ದು ತಮ್ಮ ಹಾಲು ತಾವು ಹೆಪ್ಪ ಹಾಕ್ಕೋತಾರ. ನೀವು ಮೊಸರಿನ ಗಡಿಗೀನ ಹೊತ್ತುಕೊಂಡು ಹೋಗೀರಿ. ಮ್ಯಾಲ ನಿಮ್ಮ ಹೆಸರು ಕೆತ್ತಿಸೀರಿ. ಅದಕ್ಕೂ ಹೆಪ್ಪು ಅಂತಾರೇನು?’

ಮೂಲೆಯಲ್ಲಿ ಕೂತಿದ್ದ ಶಂಕ್ರೆಪ್ಪನವರು ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ, ಚಪ್ಪಾಳೆ. ಪ್ರಕಾಶಕರು ಕೈಚೀಲ ಕೆಳಗಿಟ್ಟು, ‘ನೀವು ಹೇಳೂದು ಖರೇ ಐತಿ ಅವ್ವಾರ. ಏನು ಮಾಡಬೇಕು ಹೇಳ್ರಿ’ ಎಂದರು. ಅಷ್ಟು ಬೇಗ ಒಪ್ಪಿಕೊಂಡದ್ದು ನನಗೆ ಒಳಗೊಳಗೇ ಬೇಸರ ತಂತು. ನನ್ನ ವಾದ ಇನ್ನೂ ಶುರುವೇ ಆಗಿರಲಿಲ್ಲ.

ರಾಚವ್ವನವರ ಷರತ್ತುಗಳು ಹೀಗಿದ್ದವು. ತಪ್ಪು ಪುಸ್ತಕ ಮಾರುವುದು ನಿಲ್ಲಬೇಕು. ಹೊಸದಾಗಿ ಅಚ್ಚು ಹಾಕಬೇಕು. ತಮ್ಮವು ತಮ್ಮ ಹೆಸರಿನಲ್ಲಿ, ಹಳೆಯವು ‘ಹಿಂದಿನವರು ಹೇಳುತ್ತಿದ್ದವು’ ಎಂದು ಬೇರೆಯಾಗಿ ಬರಬೇಕು. ರಾಯಪ್ಪ ಮಾಸ್ತರರು ಕೈ ಹಿಡಿಯಲೇಬೇಕು. ಶಂಕ್ರೆಪ್ಪನವರ ಒಡಪನ್ನು ಅವರು ಒಪ್ಪಿದರೆ ಮಾತ್ರ ಸೇರಿಸಬೇಕು. ಶಂಕ್ರೆಪ್ಪನವರು ಬಹಳ ಹೊತ್ತು ಯೋಚಿಸಿದಂತೆ ಮಾಡಿ, ‘ಇರಲಿ ತಗೋರಿ, ಪ್ರಾಸ ಚಂದ ಐತಿ’ ಎಂದರು. ಮೊದಲ ಪುಟದ ಮಾತನ್ನು ರಾಚವ್ವನವರೇ ಬಾಯಿಬಿಟ್ಟು ಹೇಳಿ ಬರೆಯಿಸಿದರು: ಹೊಸ್ತಿಲಲ್ಲಿ ನಿಂತ ಯಾವ ಹೆಣ್ಣುಮಗಳಾದರೂ ಇದನ್ನು ಹೇಳಬಹುದು, ಕೇಳಬೇಕಿಲ್ಲ. ಅಚ್ಚು ಹಾಕುವವರು, ಕಂಪ್ಯೂಟರಿಗೆ ಹಾಕುವವರು ಒಂದು ಮಾತು ಕೇಳಬೇಕು, ಹೆಸರು ಹಾಕಬೇಕು. ಹಕ್ಕುಸ್ವಾಮ್ಯದ ಬಗ್ಗೆ ಇಷ್ಟು ಚಿಕ್ಕದಾದ ಕಾಯ್ದೆಯನ್ನು ನಾನು ಬೇರೆಲ್ಲೂ ಓದಿಲ್ಲ. ಕಲ್ಮೇಶನೂ ಬ್ಲಾಗಿನಲ್ಲಿ ದೊಡ್ಡವ್ವನ ಹೆಸರು ಹಾಕಿದ. ಕಮಲ ತೆಗೆದು, ತಾನೇ ತೆಗೆದ ಹೊಲಿಗೆ ಯಂತ್ರದ ಚಿತ್ರ ಹಾಕಿದ. ಚಿತ್ರ ಸ್ವಲ್ಪ ಅಲುಗಾಡಿದೆ. ಆದರೆ ಅವನದು.

ಇನ್ನು ಒಂದು ಸಂಗತಿ ಉಳಿದಿದೆ. ಹೇಳಿ ಮುಗಿಸುತ್ತೇನೆ. ಹಿಂದಿನ ಸಾಲಿನ ಯಜಮಾನರು ದಯವಿಟ್ಟು ಕುಳಿತುಕೊಳ್ಳಬೇಕು.

ರಾಜಿಪತ್ರ ಟೈಪಾಗುತ್ತಿತ್ತು. ಮಧು ಎಂದಿನಂತೆ ಕೇಳಿದ: ‘ಕಟ್ಟಿದವರ ಹೆಸರು?’

ರಾಚವ್ವನವರು ಬಾಯಿ ತೆರೆದರು. ನಾಗರತ್ನಾ ತಡೆದಳು.

‘ತಡೀ ಅಕ್ಕಾ. ಸುಮ್ನ ಹಂಗ ಹೇಳೂದಲ್ಲ. ನಮ್ಮ ಬಾಯಿಂದೆಲ್ಲಾ ಒಡಪಿನಾಗ ಹೆಸರು ಹೇಳಿಸೀದಿ. ಇವತ್ತ ನಿನ್ನ ಹೆಸರು ನೀ ಒಡಪಿನಾಗ ಹೇಳು.’

ಹೆಂಗಸರೆಲ್ಲ ‘ಹೌದು ಹೌದು’ ಎಂದು ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. ಗಂಡ ಹೋದ ಮೇಲೆ ಈ ತಾಯಿಯನ್ನು ಯಾರೂ ಒಡಪು ಹೇಳು ಎಂದು ಕೇಳಿರಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ನೆನಪಾಗಿರಬೇಕು. ಕೇಳಬಾರದಿತ್ತೇನೋ ಎಂದು ನಾಗರತ್ನಾ ನನ್ನ ಮುಖ ನೋಡಿದಳು. ನಾನೂ, ಅಪರೂಪಕ್ಕೆ, ಮಾತಿಲ್ಲದೆ ಕುಳಿತಿದ್ದೆ.

ರಾಚವ್ವನವರು ಸೆರಗನ್ನು ಸರಿಮಾಡಿಕೊಂಡರು. ಎದ್ದು ಹೋಗಿ ಆಫೀಸಿನ ಹೊಸ್ತಿಲಾಚೆ ನಿಂತರು. ಮರೆವ್ವ ಮತ್ತು ಶೆಟ್ಟೆವ್ವ ಓಡಿ ಹೋಗಿ ಈ ಕಡೆಯಿಂದ ಕೈ ಕೈ ಹಿಡಿದು ಅಡ್ಡಗಟ್ಟಿದರು. ಮದುಮಗಳನ್ನು ಅಡ್ಡಗಟ್ಟುವ ಹಾಗೆಯೇ. ‘ಹೆಸರು ಹೇಳಿ ಒಳಗ ಬಾ’ ಎಂದರು.

ಅವರು ಹೇಳಿದರು. ಎರಡೇ ಸಾಲು. ಎರಡನೆಯ ಸಾಲಿನ ಕೊನೆಗೆ, ನಮ್ಮೆಲ್ಲರ ಒಡಪುಗಳಲ್ಲಿ ಗಂಡನ ಹೆಸರು ಬರುವ ಜಾಗದಲ್ಲಿ, ತಮ್ಮ ಹೆಸರು ಹೇಳಿದರು.

ಮರೆವ್ವ ಕೈ ಬಿಟ್ಟು ಕಣ್ಣೊರೆಸಿಕೊಂಡರು. ಪ್ರಕಾಶಕರು ಅಭ್ಯಾಸಬಲದಿಂದ ಅದನ್ನು ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದರು.

‘ಪೆನ್ನು ಒಳಗ ಇಡ್ರಿ’ ಎಂದರು ರಾಚವ್ವನವರು. ‘ಇದು ಪುಸ್ತಕಕ್ಕಲ್ಲ.’

ಆ ಒಡಪು ನನಗೆ ಬಾಯಿಪಾಠವಾಗಿದೆ. ನನ್ನ ಹೆಸರಿನ ಒಡಪಿಗಿಂತ ಚೆನ್ನಾಗಿದೆ, ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ ಎಂಬುದನ್ನು ನೀವು ಬಲ್ಲಿರಿ. ಇವತ್ತಿನ ಭಾಷಣವನ್ನು ಅದರಿಂದಲೇ ಮುಗಿಸಬೇಕೆಂದು ಬಹಳ ಆಸೆಯಿತ್ತು. ಮುಂಜಾನೆ ಅವರ ಮನೆಗೆ ಹೋಗಿ ಅಪ್ಪಣೆ ಕೇಳಿದೆ. ಕತ್ತರಿ ಕೆಳಗಿಟ್ಟು, ‘ಬ್ಯಾಡ್ರಿ ವಕೀಲ್ರ. ಎಲ್ಲಾ ಕೊಟ್ಟೇನಿ. ಅದೊಂದು ನಂದು ಇರಲಿ’ ಎಂದರು. ಈಗ ವೇದಿಕೆಯ ಮೇಲೆ ಇನ್ನೊಮ್ಮೆ ಅವರ ಕಡೆ ನೋಡುತ್ತಿದ್ದೇನೆ. ನೀವೇ ನೋಡಿ, ತಲೆಯನ್ನು ಅಡ್ಡಡ್ಡ ಅಲ್ಲಾಡಿಸುತ್ತಿದ್ದಾರೆ.

ಆದ್ದರಿಂದ, ಸಭಿಕರೇ, ಆ ಒಡಪನ್ನು ನಾನು ಹೇಳುವುದಿಲ್ಲ.

ಕರೆದವರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ, ಸಾಕ್ಷಿ ಹೇಳಿದ ತಾಯಂದಿರಿಗೂ, ಮೂರನೆಯ ಸಾಲಿನವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.